ಚಾಲೈಯ ‘ಸಾರ್’ ಮತ್ತು ಕಾನೂನಿನ ‘ಅವನು’

ತಿರುವನಂತಪುರದ ಕಿಳಕ್ಕೇಕೋಟೆಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದರೆ ಚಾಲೈ ಬಜಾರು ಶುರುವಾಗುತ್ತದೆ. ಮಲಯಾಳಿಗಳು ಚಾಲ ಅಂತಾರೆ, ಅಲ್ಲಿನ ತಮಿಳು ವ್ಯಾಪಾರಿಗಳ ಬಾಯಲ್ಲಿ ಚಾಲೈ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು ಬೆಳೆಸಿದ ಪೇಟೆ ಇದು. ಖಾಲಾನ ಚಿಕಿತ್ಸೆಗೆಂದು ಆ ಊರಿಗೆ ಹೋಗಿದ್ದಾಗ ಎರಡು ಅಪಾಯಿಂಟ್‌ಮೆಂಟುಗಳ ನಡುವೆ ಒಂದು ಇಡೀ ದಿನ ಖಾಲಿ ಉಳಿಯಿತು. ಲಾಡ್ಜಿನಲ್ಲಿ ಕೂತು ಬೇಜಾರಾಗಿ ಇಬ್ಬರೂ ಬಜಾರಿಗೆ ಹೋದೆವು.

ಒಂದು ಚಿಪ್ಸ್ ಅಂಗಡಿಯಲ್ಲಿ ನಮ್ಮ ಮುಂದೆ ಸೀರೆ ಉಟ್ಟ ಒಬ್ಬ ಹೆಂಗಸು ನಿಂತಿದ್ದರು. ಕೈಯಲ್ಲಿ ಉತ್ತರ ಪತ್ರಿಕೆಗಳ ಕಟ್ಟು. ನೋಡಿದ ಕೂಡಲೇ ಗೊತ್ತಾಯಿತು, ನಮ್ಮ ಜಾತಿಯವರೇ, ಅಂದರೆ ಮೇಷ್ಟ್ರ ಜಾತಿ. ಅಂಗಡಿಯವನು ಅವರನ್ನು ಕೇಳಿದ್ದು: “ಸಾರೇ, ಎತ್ರ ವೇಣಂ?”

ಖಾಲಾ ನನ್ನ ಕೈ ಚಿವುಟಿದರು. “ಬೇಟಿ, ಇಲ್ಲಿ ಔರತ್‌ಗೂ ಸಾರ್ ಅಂತಾರಾ?”

ಹೌದು, ಅಂತಾರೆ. ತೆಂಕಣ ಕೇರಳದಲ್ಲಿ ಶಾಲೆಯ ಮೇಡಮ್ಮುಗಳನ್ನೂ ಮಕ್ಕಳು ‘ಸಾರ್’ ಎಂದೇ ಕರೆಯುವ ರೂಢಿ ಬಹಳ ಹಿಂದಿನದು. ಮಲಬಾರಿನ ಕಡೆ ಹೋದರೆ ಗಂಡು ಮೇಷ್ಟ್ರು ‘ಮಾಷ್’, ಹೆಣ್ಣು ಮೇಷ್ಟ್ರು ‘ಟೀಚರ್’. ನಿಪಾ ಮತ್ತು ಕೋವಿಡ್ ಕಾಲದಲ್ಲಿ ಆರೋಗ್ಯ ಸಚಿವೆಯಾಗಿದ್ದ ಕೆ.ಕೆ. ಶೈಲಜಾರನ್ನು ಇಡೀ ರಾಜ್ಯ ‘ಶೈಲಜಾ ಟೀಚರ್’ ಎಂದೇ ಕರೆಯುತ್ತದೆ. ಇಂಗ್ಲಿಷಿನಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಆಗಿರುವ ಟೀಚರ್ ಎಂಬ ಪದ ಮಲಯಾಳಕ್ಕೆ ಬಂದು ಹೆಣ್ಣಾಯಿತು, ಗಂಡೇ ಆಗಿದ್ದ ಸರ್ ತಿರುವನಂತಪುರಕ್ಕೆ ಬಂದು ಇಬ್ಬರದೂ ಆಯಿತು. ಪದಗಳು ಗಡಿ ದಾಟುವಾಗ ಹೀಗೆ ವೇಷ ಬದಲಿಸುತ್ತವೆ.

ಓದುಗರೇ, ಭಾಷೆಯಲ್ಲಿ ಗಂಡು ಹೆಣ್ಣು ಎಂಬ ಭೇದ ಬೇಕೇ, ಬಿಟ್ಟರೇನು ಎಂಬ ಚರ್ಚೆ ಇಂಗ್ಲಿಷಿನಲ್ಲಿ ಜೋರಾಗಿ ನಡೆಯುತ್ತಿದೆ. ಅದು ಅಮೆರಿಕದವರ ಹೊಸ ಶೋಕಿ ಅಂತ ನಮ್ಮಲ್ಲಿ ಕೆಲವರು ನಗುತ್ತಾರೆ. ಅದರ ಇತಿಹಾಸ ಸ್ವಲ್ಪ ಓದಿದ ಮೇಲೆ ನನಗೆ ನಗು ಬರಲಿಲ್ಲ. ಏಕೆಂದು ಹೇಳುತ್ತೇನೆ.

ಮೊದಲು ನಮ್ಮ ಮನೆಯ ಭಾಷೆಗಳನ್ನೇ ನೋಡಿ. ನಾನು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಎರಡೂ. ಉರ್ದುವಿನಲ್ಲಿ ‘ವೋ’ ಅಂದರೆ ಅವನೂ ಹೌದು, ಅವಳೂ ಹೌದು, ಅದೂ ಹೌದು. ಸರ್ವನಾಮದಲ್ಲಿ ಭೇದವೇ ಇಲ್ಲ. ಆದರೆ ಕ್ರಿಯಾಪದಕ್ಕೆ ಬಂದರೆ ತಪ್ಪಿಸಿಕೊಳ್ಳುವ ಹಾಗಿಲ್ಲ, ‘ವೋ ಆಯಾ’, ‘ವೋ ಆಯೀ’. ಬಾಗಿಲು ಗಂಡು, ಪುಸ್ತಕ ಹೆಣ್ಣು, ಕುರ್ಚಿಯೂ ಹೆಣ್ಣು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಉರ್ದು ಕಲಿಸುವಾಗ ನನ್ನ ಅರ್ಧ ಆಯುಷ್ಯ ಇದರಲ್ಲೇ ಹೋಗುತ್ತದೆ. ಕನ್ನಡದಲ್ಲಿ ಬಾಗಿಲು ಪುಸ್ತಕಗಳಿಗೆ ಆ ಗೊಡವೆಯಿಲ್ಲ, ಮನುಷ್ಯರಿಗೆ ಮಾತ್ರ: ಬಂದನು, ಬಂದಳು. ಆದರೆ ಮರ್ಯಾದೆ ಕೊಟ್ಟ ಕೂಡಲೇ ಭೇದ ಮಾಯವಾಗುತ್ತದೆ. ‘ಅವರು ಬಂದರು’ ಅಂದರೆ ಬಂದದ್ದು ಅಜ್ಜನೋ ಅಜ್ಜಿಯೋ ಹೇಳಲಾಗದು. ಇನ್ನು ‘ನಾನು ಬಂದೆ’ ಅನ್ನುವುದರಲ್ಲಂತೂ ಏನೂ ಗೊತ್ತಾಗುವುದಿಲ್ಲ. ಖಾಲಾ ಬಾಯಿಂದ ‘ಬೇಟಿ’ ಎಂಬ ಮಾತು ಬರದಿದ್ದರೆ ಈ ಲೇಖನ ಬರೆಯುತ್ತಿರುವುದು ಗಂಡಸೋ ಹೆಂಗಸೋ ಎಂದು ನಿಮಗೆ ಈವರೆಗೂ ತಿಳಿಯುತ್ತಿರಲಿಲ್ಲ. ಉರ್ದುವಿನಲ್ಲಿ ಬರೆದಿದ್ದರೆ ‘ನಾನು ಹೋಗಿದ್ದೆ’ ಎಂದ ಕೂಡಲೇ ಬಯಲಾಗುತ್ತಿತ್ತು.

ಮಲಯಾಳ ಇನ್ನೂ ಒಂದು ಹೆಜ್ಜೆ ಮುಂದೆ. ಅವನ್ ವನ್ನು, ಅವಳ್ ವನ್ನು, ಅವರ್ ವನ್ನು, ಅದು ವನ್ನು, ಞಾನ್ ವನ್ನು. ಯಾರೇ ಬರಲಿ, ಕ್ರಿಯಾಪದ ಒಂದೇ. ಹಳೆಯ ಮಲಯಾಳ ಕಾವ್ಯಗಳಲ್ಲಿ ತಮಿಳು, ಕನ್ನಡಗಳ ಹಾಗೆ ಪ್ರತ್ಯಯಗಳಿದ್ದವು, ಕಾಲಕ್ರಮದಲ್ಲಿ ಉದುರಿಹೋದವು. 1896ರಲ್ಲಿ ಬಂದ ‘ಕೇರಳಪಾಣಿನೀಯಂ’ ವ್ಯಾಕರಣದ ಕರ್ತೃ ಎ.ಆರ್. ರಾಜರಾಜವರ್ಮರು ತಮಿಳಿನಿಂದ ಮಲಯಾಳ ಬೇರೆಯಾದದ್ದಕ್ಕೆ ಆರು ಲಕ್ಷಣಗಳನ್ನು ಹೇಳಿದರು. ಅದರಲ್ಲಿ ಒಂದು ಇದೇ, ಅವರ ಮಾತಿನಲ್ಲಿ ‘ಪುರುಷಭೇದ ನಿರಾಸ’. ಅವರು ಪಾಠ ಹೇಳಿದ ಕಾಲೇಜು, ಇಂದಿನ ಯೂನಿವರ್ಸಿಟಿ ಕಾಲೇಜು, ಚಾಲೈಯಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ.

ಹಾಗಾದರೆ ಮಲಯಾಳದಲ್ಲಿ ಸಮಾನತೆ ತಾನಾಗಿ ಬಂತೇ? ಎಲ್ಲಿ ಬಂತು! ಗೌರವಾನ್ವಿತ ಗಂಡಸಿಗೆ ‘ಅದ್ದೇಹಂ’ ಎಂಬ ಪದವಿದೆ. ಬಿಡಿಸಿದರೆ ‘ಆ ದೇಹ’ ಅಂತಷ್ಟೇ ಅರ್ಥ, ದೇಹ ಹೆಣ್ಣಿಗೂ ಇದೆಯಲ್ಲ? ಆದರೂ ರೂಢಿಯಲ್ಲಿ ಅದು ಗಂಡಸಿಗೇ ಮೀಸಲು, ಹೆಂಗಸಿಗೆ ಬರೀ ‘ಅವರ್’. ನಮ್ಮ ಕಾಸರಗೋಡು, ದಕ್ಷಿಣ ಕನ್ನಡದ ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’ ಅಂತಾರೆ, ಹೆಣ್ಣಿಗೆ ನಪುಂಸಕಲಿಂಗ. ಅದರಲ್ಲಿ ಪ್ರೀತಿಯೇ ಇದೆ ಎನ್ನುವ ಸ್ನೇಹಿತೆಯರು ನನಗಿದ್ದಾರೆ, ಇರಬಹುದು. ತೆಲುಗಿನಲ್ಲೂ ಏಕವಚನದಲ್ಲಿ ಹೆಂಗಸು ಬಂದರೂ ಬಸ್ಸು ಬಂದರೂ ಕ್ರಿಯಾಪದ ಒಂದೇ. ಅಂದರೆ ವ್ಯಾಕರಣದಲ್ಲಿ ಲಿಂಗ ಇಲ್ಲದಿದ್ದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ. ಜಗಳ ಇರುವುದು ಬೇರೆ ಕಡೆ.

ಈಗ ಇಂಗ್ಲಿಷಿಗೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ಉರ್ದುವಿಗಿಂತ ಕಷ್ಟದ ಲಿಂಗ ವ್ಯವಸ್ಥೆಯಿತ್ತು, ಮೂರು ಲಿಂಗ. ‘ಮನ್’ ಎಂದರೆ ಮನುಷ್ಯ, ಗಂಡು ಅಲ್ಲ. ಗಂಡಿಗೆ ‘ವೆರ್’ ಎಂಬ ಬೇರೆ ಪದವಿತ್ತು. ಇಂದಿನ ‘ವುಮನ್’ ಹುಟ್ಟಿದ್ದು ‘ವೀಫ್‌ಮನ್’ ಎಂಬ ಪದದಿಂದ. ತಮಾಷೆ ಎಂದರೆ ಆ ಪದ ವ್ಯಾಕರಣದಲ್ಲಿ ಪುಲ್ಲಿಂಗ! ಮುಂದೆ ‘ವೆರ್’ ಸತ್ತುಹೋಯಿತು, ‘ಮ್ಯಾನ್’ ಎರಡೂ ಅರ್ಥವನ್ನು ಹೊತ್ತುಕೊಂಡಿತು. ಯಾರು ಎಂದು ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ‘ದೇ’ ಎಂದು ಬಹುವಚನ ಬಳಸುವುದನ್ನು ಈಗ ಹೊಸದೆಂದು ಬೈಯುತ್ತಾರೆ, ಆದರೆ ಅದು ಹದಿನಾಲ್ಕನೆಯ ಶತಮಾನದಿಂದಲೂ ಬರಹದಲ್ಲಿದೆ. ‘ಹೀ’ಯಲ್ಲೇ ಹೆಣ್ಣೂ ಅಡಗಿದ್ದಾಳೆ ಎಂದು ನಿಯಮ ಮಾಡಿದವರು ಹದಿನೆಂಟನೆಯ ಶತಮಾನದ ವ್ಯಾಕರಣಕಾರರು. ಅವರಲ್ಲಿ ಮೊದಲಿಗರೊಬ್ಬರು ಆನ್ ಫಿಶರ್ ಎಂಬ ಶಾಲಾ ಶಿಕ್ಷಕಿ. ನಮ್ಮವರೇ, ಏನು ಹೇಳೋಣ!

ವ್ಯಾಕರಣ ಪುಸ್ತಕದಲ್ಲಿದ್ದಷ್ಟು ದಿನ ಅದು ನಿರಪಾಯ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದನ್ನು ಕಾನೂನು ಮಾಡಿತು: ಶಾಸನಗಳಲ್ಲಿ ಪುಲ್ಲಿಂಗ ಪದ ಬಂದರೆ ಅದರಲ್ಲಿ ಸ್ತ್ರೀಯರೂ ಸೇರಿದ್ದಾರೆ ಎಂದು ತಿಳಿಯಬೇಕು. ಇದು ಕಡಲು ದಾಟಿ ನಮ್ಮಲ್ಲಿಗೂ ಬಂತು. 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ, 1868ರ ಜನರಲ್ ಕ್ಲಾಸಸ್ ಕಾಯ್ದೆ, ಆಮೇಲೆ 1897ರ ಕಾಯ್ದೆಯ 13ನೇ ಕಲಂ, ಎಲ್ಲದರಲ್ಲೂ ಇದೇ ಮಾತು. ನಮ್ಮ ಸಂವಿಧಾನವನ್ನು ಓದುವಾಗಲೂ 367ನೇ ವಿಧಿಯ ಮೂಲಕ ಇದೇ ನಿಯಮ ಅನ್ವಯಿಸುತ್ತದೆ.

ಕೇಳಲು ಚೆನ್ನಾಗಿದೆ, ಅಲ್ಲವೇ? ‘ಅವನು’ ಅಂದರೆ ಅವಳೂ ಸೇರಿ. ಇನ್ನೇನು ತಕರಾರು?

ತಕರಾರು ಇಲ್ಲಿದೆ. 1867ರಲ್ಲಿ ಇಂಗ್ಲೆಂಡಿನಲ್ಲಿ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆ ಬಂದಾಗ ಜಾನ್ ಸ್ಟುವರ್ಟ್ ಮಿಲ್ ಒಂದು ಸಣ್ಣ ತಿದ್ದುಪಡಿ ಸೂಚಿಸಿದರು. ‘ಮ್ಯಾನ್’ ಎಂದಿರುವಲ್ಲಿ ‘ಪರ್ಸನ್’ ಎಂದು ಹಾಕಿ, ಅಷ್ಟೇ. ಪರವಾಗಿ 73 ಮತ, ವಿರುದ್ಧ 196. ಬಿದ್ದುಹೋಯಿತು. ಆದರೆ 1850ರ ಕಾನೂನು ಇತ್ತಲ್ಲ? ಮ್ಯಾಂಚೆಸ್ಟರಿನ ಐದು ಸಾವಿರಕ್ಕೂ ಹೆಚ್ಚು ಹೆಂಗಸರು ಅದನ್ನೇ ನಂಬಿ, ‘ಮ್ಯಾನ್’ ಎಂದರೆ ನಾವೂ ಸೇರಿ, ನಮ್ಮ ಹೆಸರೂ ಪಟ್ಟಿಗೆ ಹಾಕಿ ಎಂದರು. 1868ರಲ್ಲಿ ಚಾರ್ಲ್‌ಟನ್ ವಿರುದ್ಧ ಲಿಂಗ್ಸ್ ಎಂಬ ಮೊಕದ್ದಮೆಯಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು: ಇಲ್ಲ, ಮತದಾನದ ವಿಷಯದಲ್ಲಿ ಸೇರುವುದಿಲ್ಲ. ತೆರಿಗೆ ಕಟ್ಟಬೇಕಾದಾಗ, ಶಿಕ್ಷೆ ಅನುಭವಿಸಬೇಕಾದಾಗ ‘ಅವನು’ ಎಂಬುದರೊಳಗೆ ಹೆಣ್ಣು ಇದ್ದಾಳೆ. ಹಕ್ಕು ಕೇಳಿದಾಗ ಇಲ್ಲ.

ನಮ್ಮ ದೇಶದ ಕಥೆ ಇನ್ನೂ ಹತ್ತಿರದ್ದು. 1916ರಲ್ಲಿ ರೆಜಿನಾ ಗುಹಾ ಎಂಬ ಕಾನೂನು ಪದವೀಧರೆ ಕಲ್ಕತ್ತಾದಲ್ಲಿ ವಕೀಲಿಕೆಗೆ ಅರ್ಜಿ ಹಾಕಿದರು. 1879ರ ಲೀಗಲ್ ಪ್ರಾಕ್ಟೀಷನರ್ಸ್ ಕಾಯ್ದೆಯಲ್ಲಿ ಇದ್ದದ್ದು ‘ವ್ಯಕ್ತಿ’ ಎಂಬ ಪದ. ಮುಂದೆ ಅದೇ ವ್ಯಕ್ತಿಯನ್ನು ‘ಅವನು’ ಎಂದಿತ್ತು. ‘ಅವನು’ ಎಂದರೆ ಅವಳೂ ಹೌದು ಎಂದು ಜನರಲ್ ಕ್ಲಾಸಸ್ ಕಾಯ್ದೆ ಹೇಳುತ್ತದಲ್ಲ ಎಂಬುದು ಅವರ ವಾದ. ಹೈಕೋರ್ಟು ಒಪ್ಪಲಿಲ್ಲ. ಸಂದರ್ಭಕ್ಕೆ ಅದು ಹೊಂದುವುದಿಲ್ಲ, ಹೆಂಗಸರು ಆ ವೃತ್ತಿಯಲ್ಲಿ ಎಂದೂ ಇರಲಿಲ್ಲ ಎಂದಿತು. 1921ರಲ್ಲಿ ಪಾಟ್ನಾದಲ್ಲಿ ಸುಧಾಂಶುಬಾಲಾ ಹಜ್ರಾ ಅವರಿಗೂ ಅದೇ ಉತ್ತರ ಸಿಕ್ಕಿತು. ಅದೇ ವರ್ಷ ಅಲಹಾಬಾದ್ ಹೈಕೋರ್ಟು ಕಾರ್ನೆಲಿಯಾ ಸೊರಾಬ್ಜಿಯವರಿಗೆ ಬಾಗಿಲು ತೆರೆಯಿತು. ಕೊನೆಗೆ 1923ರಲ್ಲಿ ಬೇರೆಯೇ ಕಾಯ್ದೆ ಮಾಡಿ, ಹೆಂಗಸರನ್ನು ಹೆಣ್ಣೆಂಬ ಕಾರಣಕ್ಕೆ ವಕೀಲಿಕೆಯಿಂದ ದೂರ ಇಡುವಂತಿಲ್ಲ ಎಂದು ಬರೆಯಬೇಕಾಯಿತು. ಒಂದು ಸರ್ವನಾಮದ ಅರ್ಥ ತಿಳಿಯುವುದಕ್ಕೆ ಏಳು ವರ್ಷ ಮತ್ತು ಒಂದು ಕಾಯ್ದೆ!

ಆ ಬಾಗಿಲು ತೆರೆದ ಮೇಲೆ ಏನಾಯಿತು ನೋಡಿ. ತಿರುವನಂತಪುರದಲ್ಲಿ ಕಾನೂನು ಓದಿದ ಅನ್ನಾ ಚಾಂಡಿ 1937ರಲ್ಲಿ ತಿರುವಾಂಕೂರಿನ ಮುನ್ಸಿಫ್ ಆದರು, ದೇಶದ ಮೊದಲ ಮಹಿಳಾ ನ್ಯಾಯಾಧೀಶೆ. 1959ರಲ್ಲಿ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿನ ಪೀಠಕ್ಕೇರಿದರು. ಅದೇ ತಿರುವನಂತಪುರದ ಕಾನೂನು ಕಾಲೇಜಿನಲ್ಲಿ ಪತ್ತನಂತಿಟ್ಟದ ಒಬ್ಬ ಮುಸ್ಲಿಂ ಹುಡುಗಿ ಓದಿ 1950ರಲ್ಲಿ ವಕೀಲೆಯಾದರು. ಎಂ. ಫಾತಿಮಾ ಬೀವಿ. 1989ರ ಅಕ್ಟೋಬರಿನಲ್ಲಿ ಅವರು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಮುಂದೆ ತಮಿಳುನಾಡಿನ ರಾಜ್ಯಪಾಲರೂ ಆದರು, 2023ರ ನವೆಂಬರಿನಲ್ಲಿ ತೀರಿಕೊಂಡರು. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ಗೊತ್ತಿರುವುದು ಕಡಿಮೆ. ನನ್ನ ಏಳನೇ ತರಗತಿಯಲ್ಲಿ ಕೇಳಿದೆ, ಒಬ್ಬಳಿಗೂ ಗೊತ್ತಿರಲಿಲ್ಲ. ಅವರ ಮುಂದೆ ನಿಂತ ವಕೀಲರ ಕೋರ್ಟು ಭಾಷೆಯಲ್ಲಿ ರೂಢಿಯಾಗಿದ್ದ ಸಂಬೋಧನೆ ‘ಮೈ ಲಾರ್ಡ್’. ಚಾಲೈಯ ‘ಸಾರೇ’ ಅದರ ಬಡ ತಂಗಿ ಅಂತ ನನಗನ್ನಿಸುತ್ತದೆ. ಅಧಿಕಾರಕ್ಕೆ ಗಂಡಿನ ಪದ ಒಂದೇ ಇದ್ದಾಗ, ಅಧಿಕಾರಕ್ಕೆ ಬಂದ ಹೆಣ್ಣಿಗೂ ಅದನ್ನೇ ತೊಡಿಸುತ್ತಾರೆ.

ಇಂಗ್ಲಿಷಿನಲ್ಲಿ ದೊಡ್ಡ ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಚೇರ್ಮನ್ ಹೋಗಿ ಚೇರ್‌ಪರ್ಸನ್ ಬಂತು, ಮದುವೆಯಾಗಿದೆಯೋ ಇಲ್ಲವೋ ಎಂದು ಹೇಳದ ‘ಮಿಸ್’ ಎಂಬ ಹೊಸ ಒಕ್ಕಣೆ ಬಂತು. ಉಚ್ಚಾರದಲ್ಲಿ ಕೊನೆಗೆ ಜೇನಿನ ಝೇಂಕಾರ. 1980ರಲ್ಲಿ ಕೇಸಿ ಮಿಲ್ಲರ್ ಮತ್ತು ಕೇಟ್ ಸ್ವಿಫ್ಟ್ ಎಂಬ ಇಬ್ಬರು ಮಹಿಳೆಯರು ಬರಹಗಾರರಿಗೆಂದೇ ಕೈಪಿಡಿ ತಂದರು. 2019ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ‘ದೇ’ಯನ್ನು ವರ್ಷದ ಪದವಾಗಿ ಆರಿಸಿತು. 2021ರಲ್ಲಿ ಕ್ರಿಕೆಟ್ ನಿಯಮಗಳನ್ನು ಬರೆಯುವ ಎಂಸಿಸಿ ಬ್ಯಾಟ್ಸ್‌ಮನ್ ಬಿಟ್ಟು ‘ಬ್ಯಾಟರ್’ ಎಂದಿತು. ನಮ್ಮ ಶಾಲೆಯ ಹುಡುಗರು ಒಂದು ವಾರ ನಕ್ಕರು, ಆಮೇಲೆ ಅವರೇ ಬ್ಯಾಟರ್ ಅನ್ನತೊಡಗಿದರು. ಪದದ ಜಗಳ ಮಕ್ಕಳಲ್ಲಿ ಇಷ್ಟು ಬೇಗ ಮುಗಿಯುತ್ತದೆ.

ಕೇರಳದಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯ. 2021ರಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯತಿ ತನ್ನ ಕಚೇರಿಯಲ್ಲಿ ಸರ್, ಮೇಡಂ ಎಂಬ ಸಂಬೋಧನೆ ಬೇಡ ಎಂದು ನಿರ್ಣಯ ಮಾಡಿತು. ಹುದ್ದೆಯ ಹೆಸರು ಹೇಳಿ, ಇಲ್ಲವೇ ಹೆಸರು ಹೇಳಿ, ಹಿರಿಯರಾದರೆ ಚೇಟ್ಟ, ಚೇಚಿ ಅನ್ನಿ. ಅರ್ಜಿಯಲ್ಲಿ ‘ವಿನಂತಿಸುತ್ತೇನೆ’ ಎಂದು ಬೇಡಿಕೊಳ್ಳುವುದೂ ಬೇಡ, ಹಕ್ಕಿನಿಂದ ಕೇಳಿ ಎಂದಿತು. ಅದೇ ಜಿಲ್ಲೆಯ ಓಲಶ್ಶೇರಿಯ ಅನುದಾನಿತ ಶಾಲೆ ಮೇಷ್ಟ್ರು, ಮೇಡಂ ಎಲ್ಲರನ್ನೂ ‘ಟೀಚರ್’ ಎಂದು ಕರೆಯಲು ಶುರುಮಾಡಿತು. 2023ರ ಜನವರಿಯಲ್ಲಿ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಎಲ್ಲ ಶಾಲೆಗಳಲ್ಲೂ ಹಾಗೆಯೇ ಆಗಬೇಕೆಂದು ನಿರ್ದೇಶನ ಕೊಟ್ಟಿತು. ಗಂಡು ಮೇಷ್ಟ್ರಿಗೆ ‘ಟೀಚರ್’ ಅನ್ನಿಸಿಕೊಳ್ಳುವುದೆಂದರೆ ಅಲ್ಲಿ ಹೆಣ್ಣಿನ ಪದವನ್ನು ತೊಟ್ಟ ಹಾಗೆ. ತೊಡಲಿ ಬಿಡಿ, ನಾವು ‘ಸಾರ್’ ತೊಡಲಿಲ್ಲವೇ?

ಅದೇ ವರ್ಷದ ಮಾರ್ಚಿನಲ್ಲಿ ತಿರುವನಂತಪುರದ ವಿಧಾನಸಭೆ ಕೇರಳ ಸಾರ್ವಜನಿಕ ಆರೋಗ್ಯ ಮಸೂದೆಯನ್ನು ಅಂಗೀಕರಿಸಿತು. 1939ರ ಮದ್ರಾಸ್ ಕಾಯ್ದೆ, 1955ರ ತಿರುವಾಂಕೂರು ಕೊಚ್ಚಿ ಕಾಯ್ದೆಗಳ ಜಾಗಕ್ಕೆ ಬಂದ ಶಾಸನ ಇದು. ಅದನ್ನು ಸ್ತ್ರೀಲಿಂಗದಲ್ಲಿ ಬರೆದಿದ್ದರು. ‘ಅವಳು’ ಎಂದರೆ ಗಂಡಸರೂ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಸೇರಿ. ದೇಶದಲ್ಲಿ ಇಂಥದ್ದು ಇದೇ ಮೊದಲು ಎಂದರು ಆರೋಗ್ಯ ಸಚಿವೆ ವೀಣಾ ಜಾರ್ಜ್. 1850ರ ಸೂತ್ರವನ್ನು ತಲೆಕೆಳಗು ಮಾಡಿ ನಿಲ್ಲಿಸಿದ ಹಾಗೆ. ನೂರೆಪ್ಪತ್ತು ವರ್ಷ ‘ಅವನು’ ಎಂಬುದರೊಳಗೆ ನಾವು ಹುದುಗಿಕೊಂಡಿದ್ದೆವು, ಈಗ ಸ್ವಲ್ಪ ಅವರೂ ಹುದುಗಿ ನೋಡಲಿ ಎಂದು ಮೊದಲು ನನಗೆ ಖುಷಿಯೇ ಆಯಿತು. ಆಮೇಲೆ ಯೋಚಿಸಿದರೆ, ಇದು ಪಾಠ ಕಲಿಸಲು ಒಂದು ಸಲ ಮಾಡಬಹುದಾದ ಕೆಲಸ, ಪ್ರತಿ ಕಾನೂನಿಗೂ ಅಲ್ಲ ಅನ್ನಿಸಿತು. ಕೇಂದ್ರದ್ದು ಬೇರೆ ದಾರಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ‘ಹೀ’ಯನ್ನು ಹಾಗೆಯೇ ಉಳಿಸಿಕೊಂಡು, ಅದರೊಳಗೆ ಗಂಡು, ಹೆಣ್ಣಿನ ಜೊತೆ ಟ್ರಾನ್ಸ್‌ಜೆಂಡರ್ ಎಂಬ ಪದವನ್ನೂ ಸೇರಿಸಿತು. ಮನೆ ಅದೇ, ಒಳಗೆ ಇನ್ನೊಬ್ಬರಿಗೆ ಚಾಪೆ ಹಾಸಿದರು.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳಬೇಕು. ಎಲ್ಲ ಕಡೆ ಭೇದ ಅಳಿಸಿದರೆ ಹೆಣ್ಣು ಕಾಣಿಸುವುದಾದರೂ ಹೇಗೆ? 1979ರಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಸಂಘ ‘ಕರ್ನಾಟಕ ಲೇಖಕಿಯರ ಸಂಘ’. ಲೇಖಕರು ಎಂದಿದ್ದರೆ ಸಾಲುತ್ತಿರಲಿಲ್ಲ, ‘ಕಿ’ ಬೇಕಿತ್ತು. ಚಂದ್ರಗಿರಿಯ ತೀರದಿಂದ ಬಂದ ಸಾರಾ ಅಬೂಬಕ್ಕರ್ ಬರೆಯತೊಡಗಿದಾಗ ‘ಮುಸ್ಲಿಂ ಲೇಖಕಿ’ ಎಂಬ ಪದವೇ ಒಂದು ಸುದ್ದಿ. 2025ರಲ್ಲಿ ಬಾನು ಮುಷ್ತಾಕ್‌ರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಕೆಲವು ಕಡೆ ಲೇಖಕಿ, ಕೆಲವು ಕಡೆ ಲೇಖಕರು ಎಂದು ಓದಿದೆ. ಎರಡೂ ಸರಿಯೆನಿಸಿತು.

ಈ ಪ್ರಶ್ನೆ ನಮಗೆ ಹೊಸದಲ್ಲ. ಹದೀಸಿನ ಗ್ರಂಥಗಳಲ್ಲಿ ಒಂದು ವರದಿಯಿದೆ. ಪ್ರವಾದಿಯವರ ಪತ್ನಿ ಉಮ್ಮು ಸಲಮಾ ಅವರು ಕೇಳಿದರಂತೆ, ಕುರ್‌ಆನಿನಲ್ಲಿ ಗಂಡಸರನ್ನು ಹೇಳಿರುವ ಹಾಗೆ ನಮ್ಮನ್ನೇಕೆ ಹೇಳಿಲ್ಲ ಎಂದು. ಅರಬಿಯಲ್ಲೂ ಪುಲ್ಲಿಂಗ ಬಹುವಚನದಲ್ಲಿ ಹೆಂಗಸರು ಸೇರುತ್ತಾರೆ, ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಕೇಳಿದರು. ಸೂರಾ ಅಲ್ ಅಹ್‌ಝಾಬ್‌ನ 35ನೇ ಆಯತ್ ಆ ಸಂದರ್ಭದಲ್ಲಿ ಬಂತು ಎನ್ನುತ್ತಾರೆ. ಅಲ್ಲಿ ಹತ್ತು ಗುಣಗಳನ್ನು ಹೇಳುವಾಗ ಹತ್ತು ಸಲವೂ ಗಂಡಸರು ಹೆಂಗಸರು ಇಬ್ಬರ ಪ್ರಸ್ತಾಪವಿದೆ. ಸಂಕ್ಷೇಪ ಮಾಡಬಹುದಿತ್ತು, ಮಾಡಿಲ್ಲ. ನಮ್ಮ ಸಭೆಗಳಲ್ಲಿ ‘ಸಹೋದರರೇ’ ಎಂದು ಶುರುಮಾಡಿ ಪರದೆಯ ಆಚೆ ಕೂತವರನ್ನು ಮರೆಯುವ ಭಾಷಣಕಾರರಿಗೆ ಇದನ್ನು ಯಾರಾದರೂ ನೆನಪಿಸಬೇಕು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಹೆಣ್ಣು ಇದ್ದಾಳೆ ಎಂದು ತೋರಿಸಬೇಕಾದ ಕಡೆ ಹೆಸರಿಟ್ಟು ಕರೆಯಬೇಕು. ಹೆಣ್ಣೋ ಗಂಡೋ ಎನ್ನುವುದು ಕೆಲಸಕ್ಕೆ ಬಾರದ ಕಡೆ, ಅಂದರೆ ಅರ್ಜಿ, ಹುದ್ದೆ, ಫಾರಂಗಳಲ್ಲಿ, ಕೇಳುವುದನ್ನೇ ಬಿಡಬೇಕು. 2025ರ ಜೂನಿನಲ್ಲಿ ಕೊಚ್ಚಿಯ ಹೈಕೋರ್ಟು ಇಂಥದ್ದೇ ಒಂದು ತೀರ್ಪು ಕೊಟ್ಟಿತು. ಕೋಝಿಕ್ಕೋಡಿನ ಟ್ರಾನ್ಸ್ ದಂಪತಿಯ ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆ, ತಾಯಿ ಎಂಬ ಅಂಕಣಗಳ ಬದಲು ‘ಪಾಲಕರು’ ಎಂದು ಇಬ್ಬರ ಹೆಸರನ್ನೂ ಬರೆದುಕೊಡಿ ಎಂದಿತು. ಇದನ್ನು ಒಪ್ಪದವರು ನಿಮ್ಮಲ್ಲಿ ಇರಬಹುದು, ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಅವರೊಂದಿಗೆ ನಾನು ವಾದ ಮಾಡುವುದು ಆ ದಂಪತಿಯ ಬಗ್ಗೆ ಅಲ್ಲ, ಮಗುವಿನ ಬಗ್ಗೆ. ಆ ಕಾಗದ ಹಿಡಿದು ಶಾಲೆಗೆ ಬರುವುದು ಮಗು.

ಅಂಥ ಕಾಗದ ಹಿಡಿದು ಬಂದವರನ್ನು ನಾನು ನೋಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಒಬ್ಬಳು ಹುಡುಗಿಗೆ ವರ್ಗಾವಣೆ ಪತ್ರ ಬೇಕಿತ್ತು. ಅಪ್ಪ ಬಿಟ್ಟುಹೋಗಿ ಎಂಟು ವರ್ಷ, ಬೀಡಿ ಕಟ್ಟಿ ಸಾಕಿದವಳು ಅಮ್ಮ. ಅಚ್ಚಾದ ನಮೂನೆಯಲ್ಲಿ ‘ಇವನು ಶ್ರೀ ........ ರವರ ಮಗನಾಗಿದ್ದು’ ಎಂದಿತ್ತು. ಹುಡುಗಿಯರಿಗೆ ಕೊಡುವಾಗ ‘ಇವನು’ ಹೊಡೆದು ಮೇಲೆ ‘ಇವಳು’ ಬರೆಯುವುದು, ‘ಮಗನಾಗಿದ್ದು’ ಹೊಡೆದು ‘ಮಗಳಾಗಿದ್ದು’ ಬರೆಯುವುದು ಅಲ್ಲಿನ ರೂಢಿ. ‘ಶ್ರೀ’ ಮುಂದಿನ ಖಾಲಿ ಜಾಗಕ್ಕೆ ಏನು ಬರೆಯಲಿ ಎಂದು ಗುಮಾಸ್ತರು ಆ ತಾಯಿಯನ್ನು ಜೋರಾಗಿಯೇ ಕೇಳಿದರು, ಇನ್ನೂ ಆರೇಳು ಜನ ಸಾಲಿನಲ್ಲಿದ್ದರು. ತಾಯಿ ತಲೆ ತಗ್ಗಿಸಿ ಹಳೆಯ ಹೆಸರನ್ನೇ ಹೇಳಿದಳು. ಹುಡುಗಿ ಮಾತ್ರ ನನ್ನನ್ನು ನೋಡುತ್ತಿದ್ದಳು.

ನಾನು ಆ ದಿನ ಏನೂ ಮಾತಾಡಲಿಲ್ಲ. ಕೆಲಸ ಹೊಸದು, ಪ್ರೊಬೆಷನ್ ಮುಗಿದಿರಲಿಲ್ಲ. ಈಗಿನ ಶಾಲೆಯಲ್ಲಿ ಕಳೆದ ಮೇ ತಿಂಗಳಲ್ಲಿ ವರ್ಗಾವಣೆ ಪತ್ರದ ಹೊಸ ನಮೂನೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಇದಕ್ಕೆ ಸಮಿತಿಯೂ ಬೇಡ, ತೀರ್ಪೂ ಬೇಡ. ‘ವಿದ್ಯಾರ್ಥಿಯ ಹೆಸರು’, ‘ಪೋಷಕರ ಹೆಸರು’, ‘ಇವರು ನಮ್ಮ ಶಾಲೆಯಲ್ಲಿ ಓದಿದ್ದಾರೆ’. ಹನ್ನೆರಡು ವರ್ಷದ ಮಗುವಿಗೆ ‘ಇವರು’ ಯಾಕೆ ಮೇಡಂ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಪ್ರಿಂಟ್ ತೆಗೆಸಿ ಆಗಿತ್ತು. ಇನ್ನೂರು ಪ್ರತಿ.